ಮೂರು ಡೇಲಿಯಾ ಗೆಡ್ಡೆ, ಒಂದು ಕಾರ್ಡು

ಹೋಳಿ ಹುಣ್ಣಿಮೆ ಕಳೆದು ನಾಲ್ಕೈದು ದಿನಗಳಾಗಿದ್ದವು. ನರಗುಂದದ ನಮ್ಮ ಮನೆಯ ಹಿತ್ತಲಿನಲ್ಲಿ, ಬಚ್ಚಲಗೋಡೆಯ ನೆರಳಿಗೆ ಆತುಕೊಂಡು ಉಳಿದಿದ್ದ ಮೂರು ಡೇಲಿಯಾ ಗಿಡಗಳ ಮುಂದೆ ನಾನು ಸಣ್ಣ ಗುದ್ದಲಿ ಹಿಡಿದು ಕುಳಿತಿದ್ದೆ. ಹೂಗಳು ಮುಗಿದಿದ್ದವು. ಎಲೆಗಳ ಅಂಚು ಬಿಸಿಲಿಗೆ ಸುಟ್ಟು ಕಾಗದದಂತಾಗಿತ್ತು. ಮಾಡಬೇಕಾದ ಕೆಲಸ ಸಣ್ಣದು. ಕಾಂಡವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಗೆಡ್ಡೆಗಳನ್ನು ಅಗೆದು, ಬರುವ ಮಳೆಗಾಲಕ್ಕೆಂದು ಮರಳಿನಲ್ಲಿ ಹುಗಿದಿಡುವುದು; ಇಲ್ಲವೇ ತಿಪ್ಪೆಗೆ ಎಸೆದುಬಿಡುವುದು. ಇಷ್ಟನ್ನು ತೀರ್ಮಾನಿಸಲು ನನಗೆ ಎಷ್ಟು ದಿನ ಹಿಡಿಯಿತೆಂದು ಹೇಳಿದರೆ ಓದುವವರು ನಕ್ಕಾರು. ಆದರೆ ಆ ಗಿಡಗಳ ಬುಡದಲ್ಲಿ ಒಬ್ಬ ಹೆಣ್ಣುಮಗಳ ಓದು ಇತ್ತು. ಅವಳ ತಲೆಯ ಮೇಲಿನ ಕೊಡವೂ ಇತ್ತು. ಒಂದನ್ನು ಉಳಿಸಿದರೆ ಇನ್ನೊಂದೂ ಉಳಿಯುತ್ತಿತ್ತು. ಒಂದನ್ನು ಕಿತ್ತರೆ ಇನ್ನೊಂದೂ ಹೋಗುತ್ತಿತ್ತು.

ನಾನು ಹುಟ್ಟಿದ್ದು ನರೇಗಲ್ಲಿನಲ್ಲಿ. ಓದಿದ್ದು ಧಾರವಾಡದಲ್ಲಿ, ಹೊಸ ವಿಚಾರದ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ. ನಾವು ಇನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲ ಅದು. ಆ ಶಾಲೆಯಲ್ಲಿ ಎಲ್ಲ ಜಾತಿಯ ಹುಡುಗಿಯರೂ ಸರದಿಯ ಮೇಲೆ ಅಡಿಗೆ ಮಾಡುತ್ತಿದ್ದೆವು, ಸರದಿಯ ಮೇಲೆ ಪಾಯಖಾನೆ ತೊಳೆಯುತ್ತಿದ್ದೆವು. ಅನ್ಯಾಯ ಕಂಡಲ್ಲಿ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು ಎಂಬುದು ನಮ್ಮ ಮುಖ್ಯಾಧ್ಯಾಪಕಿಯವರು ಕಲಿಸಿದ ಮೊದಲ ಪಾಠ. ಮದುವೆ ನಿಶ್ಚಯವಾಗಿ ನಾನು ಶಾಲೆ ಬಿಡುವ ದಿನ ಅವರು ಎರಡು ವಸ್ತುಗಳನ್ನು ಕೊಟ್ಟರು: ತಮ್ಮ ತೋಟದ ಒಂಬತ್ತು ಡೇಲಿಯಾ ಗೆಡ್ಡೆ ಮತ್ತು ದಪ್ಪ ರಟ್ಟಿನ ಒಂದು ವಹಿ. ವಹಿಯ ಎಡಪುಟದಲ್ಲಿ ಕಂಡ ಅನ್ಯಾಯ, ಬಲಪುಟದಲ್ಲಿ ಅದಕ್ಕೆ ನಾನು ಮಾಡಿದ ಪರಿಹಾರ. ಹೀಗೆ ಬರೆಯತಕ್ಕದ್ದೆಂದು ಅಪ್ಪಣೆ.

ಅರಳೆ ಮತ್ತು ಗೋದಿಯ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದ ಮೂರು ತಿಂಗಳಲ್ಲಿ ನನ್ನ ಎಡಪುಟಗಳು ತುಂಬಿದವು. ಗಂಡಸರು ಉಂಡೆದ್ದ ಮೇಲೆಯೇ ಹೆಂಗಸರು ಉಣ್ಣಬೇಕಾದದ್ದು. ಹೊಲದ ಆಳುಗಳಿಗೆ ಚಹವನ್ನು ತೆಂಗಿನ ಚಿಪ್ಪಿನಲ್ಲಿ ಸುರಿಯುವುದು. ದೊಡ್ಡವಳಾದಳೆಂದು ಪಕ್ಕದ ಮನೆಯ ಹುಡುಗಿಯನ್ನು ಶಾಲೆ ಬಿಡಿಸಿದ್ದು. ಬಲಪುಟಗಳಲ್ಲಿ ಹೆಚ್ಚೇನೂ ಇರಲಿಲ್ಲ. ಅತ್ತೆಯವರು ಒಮ್ಮೆ ಅದನ್ನು ತಿರುವಿ ನೋಡಿ, "ಒಂದ ಮಗ್ಗಲಾ ಬರದು ಇನ್ನೊಂದ ಮಗ್ಗಲಾ ಹಂಗ ಬಿಟ್ಟೀಯಲ್ಲ, ಕಾಗದಾ ದಂಡ" ಎಂದಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಅವರ ಮಾತು ನನಗೆ ನಾಟಿತು.

ಶ್ರಾವಣದ ಮೊದಲ ವಾರ ಗೆಡ್ಡೆಗಳನ್ನು ನೆಟ್ಟೆ. ಚಿಗುರು ಬಂದ ಹದಿನೈದು ದಿನಕ್ಕೆ ಎಲೆಯ ತುದಿಗಳು ಕಪ್ಪಾಗತೊಡಗಿದವು. ನಮ್ಮ ಮನೆಯ ಬಾವಿಯದು ಸವಳು ನೀರು. ಕುಡಿಯುವ ನೀರನ್ನು ಕೆರೆಯಿಂದ ಮನೆಯ ಹೆಂಗಸರೇ ಮಡಿಯಲ್ಲಿ ಹೊತ್ತು ತರಬೇಕಾಗಿತ್ತು. ಅದರಲ್ಲಿ ಒಂದು ತಂಬಿಗೆಯನ್ನೂ ಗಿಡಕ್ಕೆ ಸುರಿಯುವಂತಿರಲಿಲ್ಲ. ಉಪಾಯವನ್ನು ಅತ್ತೆಯವರೇ ಹೇಳಿದರು.

"ಕೆರಿ ಏರಿ ಕೆಳಗ ಆ ಕೇರಿಯವರ ಬಾವಿ ಐತಿ. ನೀರು ಭಾಳ ಸೀ. ನಾವಂತೂ ಕುಡ್ಯಾಂಗಿಲ್ಲ, ಗಿಡಕ್ಕೇನು, ನಡೀತೈತಿ. ನಮ್ಮ ಹೊಲದಾಗ ಕಸಾ ತಗ್ಯಾಕ ಬರತಾಳಲ್ಲ, ಆಕಿಗೆ ಹೇಳ್ತೀನಿ. ಹಿತ್ತಲ ಬಾಗಲ್ಲಿಂದ ಬಂದು ಹಾಕಿ ಹೋಗ್ಲಿ."

ಊರಿಗೇ ಸಿಹಿಯಾದ ನೀರು ಅಸ್ಪೃಶ್ಯರೆಂದು ನಾವು ದೂರವಿಟ್ಟವರ ಬಾವಿಯಲ್ಲಿತ್ತು. ಊರವರು ಅದನ್ನು ಬಿಟ್ಟು ಕೆರೆಯ ರಾಡಿಯನ್ನು ಸೋಸಿ ಕುಡಿಯುತ್ತಿದ್ದರು. ನಾನು ಇದನ್ನು ಅಂದೇ ಬರೆದುಕೊಂಡೆ. ಮರುದಿನ ಅದಕ್ಕೊಂದು ನಿಯಮವೂ ಸೇರಿತು: ಅವಳ ನೀರು ಕುಡಿದ ಗಿಡದ ಹೂವನ್ನು ದೇವರಿಗೆ ಏರಿಸಬಾರದು, ಮುಡಿಯಬಾರದು. ಆದ್ದರಿಂದ ಅಂಗಳದ ಮಲ್ಲಿಗೆಗೂ ಶಾವಂತಿಗೆಗೂ ಅವಳು ನೀರು ಹಾಕುವಂತಿಲ್ಲ. ಡೇಲಿಯಾಕ್ಕೆ ಹಾಕಬಹುದು, ಏಕೆಂದರೆ ಅದು ಯಾವ ಲೆಕ್ಕಕ್ಕೂ ಬಾರದ ಹೂವು.

"ವಾಸನಿ ಇಲ್ಲ, ದೇವರ ಮ್ಯಾಲ ಏರೂದಿಲ್ಲ, ತಲ್ಯಾಗ ಇಟ್ಕೊಂಡ್ರ ಕುತ್ತಿಗಿ ಮುರೀತೈತಿ," ಎಂದರು ಅತ್ತೆ, ಮೊದಲ ಹೂವು ಬಿರಿದಾಗ. "ಇದೇನು ಹೂವೋ, ಕೋಸುಗಡ್ಡಿಯೋ?"

ನೀರು ತರುತ್ತಿದ್ದವಳಿಗೆ ಮೂವತ್ತರ ಆಸುಪಾಸು. ಗಜೇಂದ್ರಗಡದ ಮಗ್ಗದ ಸೀರೆ, ಬಣ್ಣ ಹೋಗಿ ಯಾವ ಬಣ್ಣದ್ದೆಂದು ತಿಳಿಯದಂತಾದದ್ದು. ಬಿಸಿಲು ಇಳಿಯುವ ಹೊತ್ತಿಗೆ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಹಿತ್ತಲ ಬಾಗಿಲಿನಲ್ಲಿ ನಿಂತು ಕೆಮ್ಮುತ್ತಿದ್ದಳು. ಇದಕ್ಕೆ ಪ್ರತಿಯಾಗಿ ಅವಳಿಗೆ ಎರಡು ರೊಟ್ಟಿ, ಮೇಲಿನಿಂದ ಮುಟ್ಟದಂತೆ ಬಿಟ್ಟ ಪಲ್ಯ. ಅದೂ ಎಡಪುಟಕ್ಕೆ ಸೇರಿತು. ನಾನು ಅವಳನ್ನು ಅಕ್ಕ ಎಂದು ಕರೆದೆ. ಅವಳು ನನ್ನನ್ನು ಸಣ್ಣವ್ವಾರ ಎನ್ನುವುದನ್ನು ಬಿಡಲಿಲ್ಲ.

ದೀಪಾವಳಿಯ ಸುಮಾರಿಗೆ ಒಂದು ಸಂಜೆ, ಯಾವ ಗಿಡ ಯಾವ ಬಣ್ಣದ್ದೆಂದು ನೆನಪಿಟ್ಟುಕೊಳ್ಳಲು ನಾನು ಹಸಿ ಮಣ್ಣಿನಲ್ಲಿ ಕಡ್ಡಿಯಿಂದ 'ಕೆಂಪು' ಎಂದು ಬರೆಯುತ್ತಿದ್ದೆ. ನಮ್ಮ ಎರೆಮಣ್ಣು ಹಸಿಯಾದಾಗ ಪಾಟಿಯಷ್ಟೇ ಚೆನ್ನಾಗಿ ಅಕ್ಷರ ಹಿಡಿಯುತ್ತದೆ. ಅವಳು ಕೊಡವನ್ನು ಬಗ್ಗಿಸಿದ್ದವಳು ಹಾಗೆಯೇ ನಿಂತು ನೋಡಿದಳು.

"ಕಾರ್ಡಿನ ಮ್ಯಾಲ ಇರೂದೂ ಇವೇ ಅಕ್ಷರ ಏನ್ರಿ?"

"ಹೌದಕ್ಕ. ಯಾರ ಕಾರ್ಡು?"

ಅವಳ ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದ. ವರ್ಷಕ್ಕೆ ಒಂದೋ ಎರಡೋ ಸಲ ಯಾರಿಂದಲೋ ಬರೆಯಿಸಿ ಕಾರ್ಡು ಹಾಕುತ್ತಿದ್ದ. ಓದಿಸಲು ಅವಳು ಏರಿಯ ಹತ್ತಿರದ ಚಹದಂಗಡಿಯವನ ಬಳಿಗೆ ಹೋಗಬೇಕಾಗಿತ್ತು.

"ಅಂವ ಓದೂದಲ್ರಿ, ಡಂಗುರಾ ಹೊಡೀತಾನ," ಎಂದಳು. "ಕಟ್ಟಿ ಮ್ಯಾಲ ನಿಂತು, ಒಂದೊಂದ ಮಾತಿಗೆ ಮೀಸಿ ಒರಸ್ಕೋತ. ಹ್ವಾದ ವರ್ಷ ನನ್ನ ಗಂಡ, ಅಲ್ಲಿ ಇನ್ನೊಬ್ಬಾಕಿನ್ನ ಇಟ್ಕೊಂಡೀನಿ ಅಂತ ಬರಸಿದ್ರಿ. ನನಗಿಂತ ಮೊದಲ ಚಾದಂಗಡಿಗೆ ತಿಳೀತು. ಕುಂತವ್ರೆಲ್ಲಾ ನನ್ನ ಮಾರಿ ನೋಡಿದ್ರು. ನಾ ಯಾರ ಮಾರಿ ನೋಡ್ಲಿ?"

ನಾನು ತಕ್ಷಣ, ಮುಂದಿನ ಕಾರ್ಡನ್ನು ನನ್ನಲ್ಲಿಗೆ ತಾ, ಗುಟ್ಟಾಗಿ ಓದಿ ಹೇಳುತ್ತೇನೆ ಎಂದೆ.

"ನಿಮ್ಮದೂ ಬಾಯೇ ಅಲ್ಲೇನ್ರಿ?" ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. "ಅದು ನನ್ನ ಕಣ್ಣಾಗ ಬರಬೇಕು. ಯಾರ ಬಾಯಾಗೂ ಬರಬಾರದು."

ಹೀಗೆ ಪಾಠ ಮೊದಲಾಯಿತು. ಒಂದು ಕೊಡ ಬರಿದಾಗುವಷ್ಟರಲ್ಲಿ ಎರಡೋ ಮೂರೋ ಅಕ್ಷರ. ಅವಳು ಧಾರೆಯನ್ನು ಸಣ್ಣದು ಮಾಡಿ ಸುರಿಯುವುದನ್ನು ಕಲಿತಳು. ನಾನು ಗಿಡದ ಬುಡಕ್ಕೆ ಬಾಗಿ ಬರೆಯುವುದನ್ನು ಕಲಿತೆ. ಅವಳು ಮತ್ತೆ ಬರುವ ಹೊತ್ತಿಗೆ ಬಿಸಿಲಿಗೆ ನೆಲ ಬಿರಿದು ಅಕ್ಷರಗಳು ತುಂಡಾಗಿರುತ್ತಿದ್ದವು. ಅಡಿಗೆಮನೆಯ ಕಿಟಕಿಯಿಂದ ಅತ್ತೆಯವರ ದನಿ ಬರುತ್ತಿತ್ತು: "ಆ ಗಿಡಕ್ಕ ನೀರ ಹಾಕಾಕತ್ತೀರೋ, ಜೋಗಳಾ ಹಾಡಾಕತ್ತೀರೋ?"

"ಬುಡಾ ಸಡಲ ಮಾಡಾಕತ್ತೀವ್ರಿ, ಅತ್ತಿ," ಎನ್ನುತ್ತಿದ್ದೆ ನಾನು.

ಅದು ಸುಳ್ಳು. ಸುಳ್ಳನ್ನು ನಾನು ಎಡಪುಟದಲ್ಲಿ ಬರೆದೆ. ಬಲಪುಟದಲ್ಲಿ ಬರೆಯಬೇಕಾದ ಪರಿಹಾರವೂ ಅದೇ ಸುಳ್ಳೇ ಆಗಿರುವುದನ್ನು ಕಂಡು ವಹಿಯನ್ನು ಮುಚ್ಚಿದೆ. ನನ್ನ ಗೊಂದಲ ಅಲ್ಲಿಂದ ಆರಂಭವಾಯಿತೆಂದು ಈಗ ತೋರುತ್ತದೆ.

ಒಂಬತ್ತು ಗಿಡಗಳಲ್ಲಿ ಆರು ಕಾರ್ತಿಕದಲ್ಲೇ ಹೂಬಿಟ್ಟು ಪುಷ್ಯಕ್ಕೆ ಒಣಗಿದವು. ಅವುಗಳ ಗೆಡ್ಡೆಗಳನ್ನು ಅಗೆದು, ತೊಳೆದು, ನೆರಳಿನಲ್ಲಿ ಆರಿಸಿ, ಬುಟ್ಟಿಯಲ್ಲಿ ಮರಳು ಹಾಕಿ ಅಡಿಗೆಮನೆಯ ತಂಪು ಮೂಲೆಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ, ಹೇಳುವಂಥದೇನಿದೆ ಅಂದುಕೊಂಡೆ. ಶಿವರಾತ್ರಿಗೆ ಎರಡು ದಿನ ಮುಂಚೆ ನನ್ನ ತವರಿನಿಂದ ಉಪವಾಸದ ಸಾಮಾನು ಬಂತು: ಶೇಂಗಾ, ಉತ್ತತ್ತಿ, ಬೆಲ್ಲ. ಅದರೊಂದಿಗೆ ಗೆಣಸೂ ಬಂದಿರಬೇಕೆಂದು ಅತ್ತೆಯವರು ತಿಳಿದರು. ಹಬ್ಬದ ದಿನ ನಾನು ಕೆರೆಗೆ ಹೋಗಿ ಬರುವಷ್ಟರಲ್ಲಿ ಆರು ಗಿಡಗಳ ಗೆಡ್ಡೆಗಳೂ ಬೆಂದು, ಬೆಲ್ಲ ಬಿದ್ದು, ಮಾವನವರ ತಟ್ಟೆ ಸೇರಿದ್ದವು.

"ನರೇಗಲ್ಲ ಗೆಣಸು ಹಿಂಗ್ಯಾಕ ಸಪ್ಪಗ?" ಎನ್ನುತ್ತಿದ್ದರು ಮಾವ.

"ಬೀಗರ ಮನಿದು. ಸುಮ್ಮ ತಿನ್ರಿ," ಎನ್ನುತ್ತಿದ್ದರು ಅತ್ತೆ.

ನಾನು ಹೇಳಿದಾಗ ಮನೆಯೆಲ್ಲ ಗದ್ದಲವಾಯಿತು. ಅದು ವಿಷವೋ ಅಲ್ಲವೋ ನನಗೂ ಗೊತ್ತಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಜಾಗರಣೆಯ ಭಜನೆಗೆ ಮಾವನವರ ಹೊಟ್ಟೆಯೂ ದನಿಗೂಡಿಸಿತೆಂದು ಮೈದುನರು ಒಂದು ವಾರ ನಕ್ಕರು. ಧಾರವಾಡದ ನನ್ನ ಡೇಲಿಯಾಗಳಲ್ಲಿ ಮೂರರಲ್ಲಿ ಎರಡು ಪಾಲು ಹೀಗೆ ಮುಗಿಯಿತು. ಉಳಿದದ್ದು ಅಲ್ಲಿಯವರೆಗೂ ಹೂಬಿಡದೆ ನೆಲದಲ್ಲೇ ನಿಂತಿದ್ದ ಮೂರು ಗಿಡ.

ಶಿವರಾತ್ರಿ ಕಳೆದ ಮೇಲೆ ಅವು ಮೊಗ್ಗು ಬಿಟ್ಟವು. ನಿಂಬೆಹಣ್ಣಿನಷ್ಟೇ ಗಾತ್ರ, ಕಪ್ಪಿಗೆ ತಿರುಗಿದ ಕೆಂಪು. ಬಿಸಿಲು ಏರುತ್ತಿದ್ದುದರಿಂದ ಅವಕ್ಕೆ ದಿನವೂ ಎರಡು ಕೊಡ ಬೇಕಾಯಿತು. ಪಾಠವೂ ದಿನವೂ ನಡೆಯಿತು. ಚಳಿಗಾಲವೆಲ್ಲ ಕಲಿತದ್ದಕ್ಕಿಂತ ಹೆಚ್ಚನ್ನು ಅವಳು ಆ ಮೂರು ವಾರಗಳಲ್ಲಿ ಕಲಿತಳು. ಅತ್ತೆಯವರು ಆ ಗಿಡಗಳನ್ನು ನೋಡಿ ತೀರ್ಪು ಕೊಟ್ಟರು:

"ಇವುಗಳ ಗಡ್ಡಿ ಇಡಬ್ಯಾಡ. ತಡಾ ಬಿಟ್ಟದ್ದು ಬರೂ ವರ್ಷನೂ ತಡಾನ ಬಿಡ್ತೈತಿ. ಬ್ಯಾಸಗಿ ಹೊಸ್ತಿಲದಾಗ ಬರೇ ನೀರ ಕುಡಿಯೂ ಬಾಯಿ."

ತೋಟಗಾರಿಕೆಯ ಮಟ್ಟಿಗೆ ಅವರ ಮಾತು ಸರಿಯಾಗಿತ್ತು. ನನ್ನ ಶಾಲೆಯಲ್ಲೂ ಹಾಗೆಯೇ ಹೇಳುತ್ತಿದ್ದರು: ಮೊದಲು ಹೂಬಿಟ್ಟ ಗಿಡದ ಗೆಡ್ಡೆಯನ್ನಿಡು, ಹಿಂದುಳಿದದ್ದನ್ನು ಬಿಡು. ಆದರೆ ನನ್ನ ತಕರಾರು ಬೇರೆ. ಈ ಗೆಡ್ಡೆಗಳನ್ನು ಇಟ್ಟರೆ, ಬರುವ ಮಾಘ ಫಾಲ್ಗುಣದಲ್ಲಿ, ಬಾವಿಗಳ ತಳ ಕಾಣುವ ಕಾಲದಲ್ಲಿ, ಯಾರಿಗೂ ಬೇಡದ ಹೂವಿಗಾಗಿ ಒಬ್ಬ ಹೆಂಗಸು ಅರ್ಧ ಮೈಲಿ ಕೊಡ ಹೊರಬೇಕು. ಅದು ಶುದ್ಧ ಬಿಟ್ಟಿ ದುಡಿಮೆ. ಓದು ಕಲಿಯಬೇಕಾದರೆ ಮೊದಲು ನೀರು ಹೊರಬೇಕೆಂಬ ಷರತ್ತು ಇನ್ನೂ ದೊಡ್ಡ ಅನ್ಯಾಯ. ಇಡದಿದ್ದರೆ ಅವಳು ನಮ್ಮ ಹಿತ್ತಲಿಗೆ ಕಾಲಿಡಲು ಕಾರಣವೇ ಇರುವುದಿಲ್ಲ. ಅವಳ ಓದು ನಡುದಾರಿಯಲ್ಲಿ ನಿಲ್ಲುತ್ತದೆ. ಮೂರನೆಯ ದಾರಿಯೊಂದನ್ನು ನಾನು ಕಂಡುಕೊಂಡೆ. ಅದೇ ನೇರವಾದ, ಧೈರ್ಯದ ದಾರಿಯೆಂದು ನಂಬಿ ಅವಳಿಗೆ ಹೇಳಿದೆ.

"ಅಕ್ಕ, ನಾಳಿಂದ ಕೊಡಾ ತರಬ್ಯಾಡ. ಮುಂದಿನ ಕಟ್ಟಿ ಮ್ಯಾಲ ಪಾಟಿ ಹಿಡದು ಕುಂಡ್ರು. ಯಾರೇನಂತಾರೋ ನಾ ನೋಡ್ಕೋತೀನಿ."

"ಅವ್ರನ್ನ ನೀವು ನೋಡ್ಕೋತೀರ್ರಿ. ನನ್ನ ಎಲ್ಲಾರೂ ನೋಡ್ತಾರಲ್ರಿ."

"ಹೆದರ್ತೀ ಏನು?"

"ಹೆದರಿಕಿ ಅಲ್ರಿ, ಸಣ್ಣವ್ವಾರ. ಕಟ್ಟಿ ಮ್ಯಾಲ ಕುಂತ್ರ ನಾ ತಪ್ಪಿ ಓದಿದ್ದೂ ಓಣಿಗೆಲ್ಲಾ ಕೇಳ್ತೈತಿ. ಚಾದಂಗಡಿ ಕಟ್ಟಿ ಬಿಟ್ಟು ನಿಮ್ಮ ಕಟ್ಟಿಗೆ ಬಂದಂಗಾತು. ನನಗ ಗಿಡದ ಬುಡಾನ ಚಲೋ."

"ನೀರ ಹೊರೂದು ಅನ್ಯಾಯ ಅಲ್ಲೇನು ಮತ್ತ?"

"ಅನ್ಯಾಯನ ಹೌದ್ರಿ." ಅವಳು ಕೊಡದ ಬಾಯಿಯನ್ನು ಸೆರಗಿನಿಂದ ಒರೆಸಿದಳು. "ಅದನ್ನ ನೀವು ಬರಕೋರ್ರಿ. ನನಗ ಮುಂದಿನ ಅಕ್ಷರಾ ಹೇಳ್ರಿ."

ನನಗೆ ಅವಮಾನವೂ ಆಯಿತು, ಸಿಟ್ಟೂ ಬಂತು. ಯಾರ ಮೇಲೆಂದು ತಿಳಿಯಲಿಲ್ಲ. ಅನ್ಯಾಯವನ್ನು ಹೆಸರಿಟ್ಟು ಕರೆದರೆ ಅದನ್ನು ಅನುಭವಿಸುವವರು ಎದ್ದು ನಿಲ್ಲುತ್ತಾರೆಂದು ನನಗೆ ಕಲಿಸಿದ್ದರು. ಎದ್ದು ನಿಲ್ಲದೆ ಮುಂದಿನ ಅಕ್ಷರ ಕೇಳುವವರಿಗೆ ಏನು ಹೇಳಬೇಕೆಂದು ಕಲಿಸಿರಲಿಲ್ಲ. ಎರಡು ದಿನ ಯೋಚಿಸಿ, ನನ್ನ ಕೈಯಿಂದ ಇನ್ನೊಂದು ವರ್ಷ ಬಿಟ್ಟಿ ದುಡಿಸುವ ಪಾಪ ಬೇಡವೆಂದು, ಅತ್ತೆಯವರ ಮುಂದೆ ನಿಂತು ಘೋಷಿಸಿದೆ: ಒಂದು ಹೆಣ್ಣಿನ ತಲೆಯ ಮೇಲಿನ ಭಾರದಿಂದ ಅರಳುವ ಹೂವು ಈ ಮನೆಗೆ ಬೇಡ, ಗೆಡ್ಡೆಗಳನ್ನು ತಿಪ್ಪೆಗೆ ಹಾಕುತ್ತೇನೆ.

"ಹಾಕು," ಎಂದರು ಅತ್ತೆ, ಜೋಳ ಹಸನು ಮಾಡುತ್ತ. "ನಾ ಮೊದಲ ಹೇಳಿದ್ನೆಲ್ಲ."

ನನ್ನ ನ್ಯಾಯ, ಅವರ ಮಿತವ್ಯಯ ಎರಡೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ತಿಪ್ಪೆಯ ಮುಂದೆ ನಿಂತಿದ್ದವು. ಯಾರೊಡನೆ ವಾದಿಸಲು ಹೋಗಿದ್ದೆನೋ ಅವರೊಡನೆ ಒಪ್ಪಂದವಾಗಿಬಿಟ್ಟಿತ್ತು. ಇದರಿಂದ ನನ್ನ ಗೊಂದಲ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಹೀಗೆ ನಾನು ಗುದ್ದಲಿ ಹಿಡಿದು ಗಿಡಗಳ ಮುಂದೆ ಕುಳಿತದ್ದು.

ಆಗ ಹಿತ್ತಲ ಬಾಗಿಲಿನಲ್ಲಿ ಕೆಮ್ಮು ಕೇಳಿಸಿತು. ಅವಳು ಬಂದು ಕೊಡಗಳನ್ನಿಳಿಸಿದಳು, ಗುದ್ದಲಿಯನ್ನು ನೋಡಿದಳು. ಕುಪ್ಪಸದೊಳಗಿಂದ ನಾಲ್ಕು ಮಡಿಕೆಯ ಕಾರ್ಡೊಂದನ್ನು ತೆಗೆದಳು. ಹಿಂದಿನ ದಿನ ಮಧ್ಯಾಹ್ನ ಟಪಾಲಿನವನು ಕೊಟ್ಟದ್ದು. ಚಹದಂಗಡಿಯವನು ಎರಡು ಸಲ ಕೂಗಿ ಕರೆದರೂ ಅವಳು ಹೋಗಿರಲಿಲ್ಲ.

ಅವಳು ಕುಕ್ಕರಗಾಲಿನಲ್ಲಿ ಕುಳಿತು, ಗಿಡದ ಬುಡಕ್ಕೆ ಒಂದು ಬೊಗಸೆ ನೀರು ಚೆಲ್ಲಿ ಮಣ್ಣನ್ನು ಸವರಿದಳು. ಕಾರ್ಡನ್ನು ಮೊಣಕಾಲಿನ ಮೇಲೆ, ನನಗೆ ಕಾಣದ ಕೋನದಲ್ಲಿ ಹಿಡಿದು, ಒಂದೊಂದೇ ಅಕ್ಷರವನ್ನು ನೋಡಿ ಮಣ್ಣಿನಲ್ಲಿ ಬೆರಳಿನಿಂದ ಬರೆದಳು; ಬರೆದದ್ದನ್ನು ತುಟಿಯಲ್ಲಿ ಓದಿದಳು; ಓದಿದ ಕೂಡಲೇ ಅಂಗೈಯಿಂದ ಅಳಿಸಿದಳು. ಮೊದಲ ಎರಡು ಸಾಲು ದಾಟಿದವು. ಮೂರನೆಯದರಲ್ಲಿ ಅವಳ ಬೆರಳು ನಿಂತಿತು. ಮತ್ತೆ ಬರೆದಳು, ಅಳಿಸಿದಳು. ಕಾರ್ಡು ತುಂಬುತ್ತ ಬಂದಂತೆ ಬರೆದವನು ಸಾಲುಗಳನ್ನು ಒತ್ತೊತ್ತಾಗಿ ತುರುಕಿದ್ದಿರಬೇಕು.

ನಾನು ಕೈ ಚಾಚಿದೆ. ಅವಳು ಕಾರ್ಡನ್ನು ತೊಡೆಯ ಮೇಲೆ ಬೋರಲು ಹಾಕಿದಳು.

"ಬ್ಯಾಡ್ರಿ."

"ಆ ಒಂದ ಸಾಲು, ಅಕ್ಕ. ಕೆಟ್ಟ ಸುದ್ದಿ ಇದ್ರ?"

"ಕೆಟ್ಟದ್ದಿದ್ರ ಲಗೂ ತಿಳದು ಏನ ಮಾಡ್ಲಿ? ಇನ್ನ ಎಷ್ಟ ದಿನಾ ಕಲ್ತ್ರ ಬರತೈತ್ರಿ ಇದು?"

"ಇನ್ನೊಂದು ಹಂಗಾಮು ಬೇಕಾದೀತು."

"ಹಂಗಾರ ಗಡ್ಡಿ ಇಡ್ರಿ," ಎಂದಳು.

ನನಗೆ ಒಪ್ಪಲಾಗಲಿಲ್ಲ, ನಿರಾಕರಿಸಲೂ ಆಗಲಿಲ್ಲ. ಹಾಗಾದರೆ ಬರುವ ವರ್ಷ ಒಂದು ಕೊಡವನ್ನು ನಾನು ಹೊರುತ್ತೇನೆ, ನಿಮ್ಮ ಬಾವಿಗೆ ನಾನೇ ಬರುತ್ತೇನೆ ಎಂದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ನಮ್ಮ ಬಾವಿ ಕಟ್ಟಿ ನೀವು ಹತ್ತೀರಿ. ಸಂಜಿಗೆ ಊರ ಹಿರ್ಯಾರು ನನ್ನ ಕರಸ್ತಾರ. ಬ್ಯಾಡ್ರಿ ತಾಯಿ."

ಗುದ್ದಲಿಯನ್ನು ಅವಳೇ ತೆಗೆದುಕೊಂಡಳು. ಒಂದು ಗೆಡ್ಡೆಗೂ ಪೆಟ್ಟಾಗದಂತೆ ಸುತ್ತಲಿನ ಮಣ್ಣನ್ನು ಬಿಡಿಸಿ ಮೂರು ಗೊಂಚಲುಗಳನ್ನು ಎತ್ತಿದಳು. ಎಲ್ಲಿಡುವುದು? ಅಡಿಗೆಮನೆ ಎಂದಾಗ ಇಬ್ಬರಿಗೂ ನಗು ಬಂತು. ಕೊನೆಗೆ ಅವಳೇ, ತನ್ನ ಗುಡಿಸಲಿನಲ್ಲಿ ನೀರಿನ ಗಡಿಗೆ ಇಡುವ ಮರಳಿದೆ, ಅದರ ಅಂಚಿನಲ್ಲಿ ಹುಗಿದರೆ ತಂಪಾಗಿಯೂ ಇರುತ್ತವೆ, ಕೊಳೆಯುವುದೂ ಇಲ್ಲ ಎಂದಳು. ಗೆಡ್ಡೆಗಳನ್ನು ಉಡಿಯಲ್ಲಿ ಕಟ್ಟಿಕೊಂಡು, ಉಳಿದ ನೀರನ್ನು ಗುಂಡಿಗೆ ಚೆಲ್ಲಿ, ಬರಿದಾದ ಕೊಡಗಳನ್ನು ಒಂದರ ಮೇಲೊಂದಿಟ್ಟುಕೊಂಡು ಹೊರಟಳು. ನಾನು ಇಟ್ಟೆನೋ, ಬಿಟ್ಟೆನೋ? ವಹಿಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ಎರಡೂ ಪುಟ ಖಾಲಿ ಬಿಟ್ಟೆ.

ಬೇಸಗೆಯೆಲ್ಲ ಗಿಡವಿರಲಿಲ್ಲ; ಆದ್ದರಿಂದ ಪಾಠವೂ ಇರಲಿಲ್ಲ. ಮೊದಲ ಮಳೆ ಬಿದ್ದು ನೆಲದ ಬಿರುಕು ಕೂಡಿದ ದಿನ ಅತ್ತೆಯವರು ಮೊರದಲ್ಲಿ ಜೋಳ ಕೇರುತ್ತ ಕೇಳಿದರು.

"ಆ ಗಡ್ಡಿ ತಿಪ್ಪಿಗೆ ಹಾಕಿದಿ?"

ಇನ್ನೊಂದು ಸುಳ್ಳು ನನ್ನಿಂದಾಗಲಿಲ್ಲ. "ಇಲ್ರಿ. ಆಕೀ ಮನ್ಯಾಗ ಅದಾವ. ನೀರಿನ ಗಡಿಗಿ ಬುಡಕ."

ಮೊರದ ಸದ್ದು ನಿಂತಿತು. ಮೈಲಿಗೆಯ ಮಾತು ಬರುತ್ತದೆಂದು ನಾನು ನನ್ನ ಉತ್ತರವನ್ನು ಸಿದ್ಧಮಾಡಿಕೊಂಡೆ.

"ಚಲೋ ಆತು," ಎಂದರು ಅವರು. "ನಮ್ಮನ್ಯಾಗ ಇದ್ದಿದ್ರ ಇಷ್ಟೊತ್ತಿಗೆ ಯಾವುದರ ಉಪವಾಸಕ್ಕ ಕುದಸಿರ್ತಿದ್ನಿ." ಮೊರ ಮತ್ತೆ ಆಡಿತು. "ಈ ಸಲ ಬಚ್ಚಲ ಗ್ವಾಡಿ ಮಗ್ಗಲ ಹಚ್ಚಬ್ಯಾಡ್ರಿ. ಅಡಿಗಿಮನಿ ಕಿಡಕ್ಯಾಗಿಂದ ಎಲ್ಲಾ ಕಾಣ್ತೈತಿ. ಬಣವಿ ಹಿಂದ ಹಚ್ರಿ."

ಮೇವಿನ ಬಣವೆಯ ಹಿಂದಿನ ಜಾಗ ಮನೆಯ ಯಾವ ಕಿಟಕಿಗೂ ಕಾಣುತ್ತಿರಲಿಲ್ಲ. ಆ ಹೆಂಗಸನ್ನು ನೋಡುವುದು ಬೇಡವೆಂದು ಅವರು ಹಾಗೆ ಹೇಳಿದರೋ, ಅವಳನ್ನು ಯಾರೂ ನೋಡುವುದು ಬೇಡವೆಂದು ಹೇಳಿದರೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಅವರು ತೀರಿಕೊಂಡು ಈಗ ಬಹಳ ವರ್ಷಗಳಾದವು.

ಶ್ರಾವಣದಲ್ಲಿ ಅವಳು ಗೆಡ್ಡೆಗಳನ್ನು ತಂದಳು. ಬಣವೆಯ ಹಿಂದೆ ನೆಟ್ಟೆವು. ಮೂರೂ ಚಿಗುರಿದವು, ಕಾರ್ತಿಕ ಹೋಯಿತು, ಸಂಕ್ರಾಂತಿ ಹೋಯಿತು, ಅತ್ತೆಯವರು ಹೇಳಿದಂತೆ ಒಂದರಲ್ಲೂ ಮೊಗ್ಗಿಲ್ಲ. ಅವಳು ಕೊಡ ಹೊತ್ತಳು, ನಾನು ಮಣ್ಣಿನಲ್ಲಿ ಬರೆದೆ. ಆ ಭಾರವನ್ನು ಅನ್ಯಾಯವೆಂದು ನಾನು ಆಗಲೂ ಕರೆಯುತ್ತಿದ್ದೆ, ಈಗಲೂ ಕರೆಯುತ್ತೇನೆ. ಅದನ್ನು ದಿನವೂ ಕಾದು ಕುಳಿತಿರುತ್ತಿದ್ದವಳೂ ನಾನೇ.

ಸಂಕ್ರಾಂತಿಯ ಮರುವಾರ ಒಂದು ಸಂಜೆ ಅವಳು ಅಕ್ಷರ ಕೇಳಲಿಲ್ಲ. ಎರಡು ಕೊಡಗಳನ್ನೂ ಒಂದೇ ಸಮನೆ ಸುರಿದಳು. ಸೆರಗಿಗೆ ಕೈ ಒರೆಸಿಕೊಂಡಳು. ಅದೇ ಕಾರ್ಡು, ಮಡಿಕೆಗಳಲ್ಲಿ ಸವೆದು ನಾಲ್ಕು ತುಂಡಾಗುವಂತಿದ್ದದ್ದು, ಅವಳ ಮುಷ್ಟಿಯಲ್ಲಿತ್ತು.

"ಓದಿದಿ?" ಎಂದೆ.

"ಓದಿದ್ನಿರಿ."

"ಎಲ್ಲಾ?"

"ಎಲ್ಲಾ."

ಅದರಲ್ಲಿ ಏನಿತ್ತೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕೇಳದೆ ತಿಳಿಯಲಾದೀತೇನೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ.

"ಮಾರಿ ನೋಡಬ್ಯಾಡ್ರಿ, ಸಣ್ಣವ್ವಾರ," ಎಂದಳು ಅವಳು. "ಗಿಡಾ ನೋಡ್ರಿ. ಇನ್ನೂ ಒಂದರ ಮೊಗ್ಗಿ ಬಂದಿಲ್ಲ."

ನಾನು ಗಿಡವನ್ನು ನೋಡಿದೆ.